ರೇಷ್ಮೆ ಗೂಡಿನಿಂದ ನ್ಯಾನೊ ಎಳೆಯ ಸ್ಕ್ಯಾಫೋಲ್ಡ್: ಲ್ಯಾಬ್‌ನಲ್ಲಿ ಮಾಡುವ ಪೂರ್ತಿ ವಿಧಾನ

ಎಲೆಕ್ಟ್ರೋಸ್ಪಿನ್ನಿಂಗ್ ಮಷಿನ್, ಅಂದರೆ ಜಾಸ್ತಿ ವೋಲ್ಟೇಜ್ ಕೊಟ್ಟು ದ್ರಾವಣವನ್ನು ನ್ಯಾನೊ ಎಳೆಗಳ ಹಾಳೆಯಾಗಿಸುವ ಯಂತ್ರ, ಲ್ಯಾಬ್‌ಗೆ ಬಂದ ಮೇಲೆ ಎಲ್ಲರ ಕಣ್ಣೂ ಅದರ ಮೇಲೆಯೇ ಇರುತ್ತದೆ. ಎಷ್ಟು ಕಿಲೋವೋಲ್ಟ್ ಕೊಡಬೇಕು, ಸೂಜಿ ಎಷ್ಟು ದೂರ ಇರಬೇಕು, ಪಂಪ್ ಎಷ್ಟು ನಿಧಾನ ಓಡಬೇಕು ಅಂತ ವಾರಗಟ್ಟಲೆ ಗುಂಡಿ ತಿರುಗಿಸುತ್ತಾ ಕೂರುತ್ತಾರೆ. ರೇಷ್ಮೆಯ ಮಟ್ಟಿಗೆ ಹೇಳುವುದಾದರೆ, ಹಾಳೆ ಚೆನ್ನಾಗಿ ಬರುತ್ತದೋ ಇಲ್ಲವೋ ಅನ್ನುವುದು ಅದಕ್ಕೂ ನಾಲ್ಕೈದು ದಿನ ಮುಂಚೆ, ಗೂಡು ಬೇಯಿಸಿದ ಪಾತ್ರೆಯಲ್ಲೇ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ. ಅದಕ್ಕೇ ಈ ಬರಹದಲ್ಲಿ ಮಷಿನ್‌ಗಿಂತ ಬೀಕರ್‌ಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಇದು ಬಯೋಟೆಕ್ನಾಲಜಿ, ಫಾರ್ಮಸಿ, ಟೆಕ್ಸ್‌ಟೈಲ್ ಅಥವಾ ಮೆಟೀರಿಯಲ್ಸ್ ಓದುತ್ತಿರುವ, ಮೊದಲ ಸಲ ಈ ಕೆಲಸಕ್ಕೆ ಕೈ ಹಾಕುತ್ತಿರುವ ವಿದ್ಯಾರ್ಥಿಗಳಿಗಾಗಿ. ಮನೆಯಲ್ಲಿ ಮಾಡುವ ಕೆಲಸ ಅಲ್ಲವೇ ಅಲ್ಲ. ಸಾವಿರಾರು ವೋಲ್ಟ್ ವಿದ್ಯುತ್ ಇದೆ, ಮೆಥನಾಲ್ ಇದೆ. ಫ್ಯೂಮ್ ಹುಡ್ ಇರುವ ಲ್ಯಾಬ್ ಬೇಕು, ಅನುಭವಸ್ಥರೊಬ್ಬರು ಪಕ್ಕದಲ್ಲಿ ಇರಬೇಕು.

ರೇಷ್ಮೆಯೇ ಯಾಕೆ?

ನಮ್ಮ ಮೈಯಲ್ಲಿ ಜೀವಕೋಶಗಳು ಸುಮ್ನೆ ತೇಲುತ್ತಾ ಇರುವುದಿಲ್ಲ. ಅವುಗಳ ಸುತ್ತ ಕೊಲಾಜೆನ್ ಮುಂತಾದ ಪ್ರೋಟೀನ್ ಎಳೆಗಳ ಬಲೆ ಇರುತ್ತದೆ. ಅವುಗಳಲ್ಲಿ ತುಂಬ ಎಳೆಗಳ ದಪ್ಪ ನ್ಯಾನೊಮೀಟರ್ ಲೆಕ್ಕದ್ದು. ಆ ಬಲೆಯನ್ನು ಹೋಲುವ ಹಾಳೆಯನ್ನು ಹೊರಗೆ ಮಾಡಿ, ಅದರ ಮೇಲೆ ಜೀವಕೋಶ ಬೆಳೆಸಿ, ಚರ್ಮ, ಮೂಳೆ ಅಥವಾ ರಕ್ತನಾಳ ರಿಪೇರಿ ಮಾಡುವುದು ಟಿಶ್ಯೂ ಎಂಜಿನಿಯರಿಂಗ್‌ನ ಆಸೆ. ಆ ಹಾಳೆಯೇ ಸ್ಕ್ಯಾಫೋಲ್ಡ್.

ಜೈವಿಕ ಪಾಲಿಮರ್‌ಗಳಲ್ಲಿ ಆಯ್ಕೆ ಬೇಕಾದಷ್ಟಿದೆ. ಜೆಲಾಟಿನ್‌ನಿಂದ ಎಳೆ ಸಲೀಸಾಗಿ ಬರುತ್ತದೆ, ಆದರೆ ಕ್ರಾಸ್‌ಲಿಂಕ್ ಮಾಡದಿದ್ದರೆ (ಸರಪಳಿಗಳನ್ನು ಒಂದಕ್ಕೊಂದು ಬೆಸೆಯದಿದ್ದರೆ) 37 ಡಿಗ್ರಿಯ ಮೀಡಿಯಂನಲ್ಲಿ, ಅಂದರೆ ಜೀವಕೋಶ ಬೆಳೆಸುವ ದ್ರವದಲ್ಲಿ, ಕರಗಿಹೋಗುತ್ತದೆ. ಕೈಟೋಸಾನ್‌ಗೆ ಗಾಢ ಅಸಿಟಿಕ್ ಆಮ್ಲ ಬೇಕು. ಆಲ್ಜಿನೇಟ್ ಒಂಟಿಯಾಗಿ ಎಳೆ ಆಗಲು ಒಪ್ಪುವುದೇ ಇಲ್ಲ. ಕೊಲಾಜೆನ್ ಅಂದರೆ ಎಲ್ಲರಿಗೂ ಆಸೆ. ಆದರೆ ಅದನ್ನು ಕರಗಿಸಲು ಬಳಸುವ ಫ್ಲೋರಿನ್ ಇರುವ ದ್ರಾವಕಗಳು ಅದರ ಮೂರೆಳೆಯ ಹುರಿಯನ್ನು ಬಿಚ್ಚಿಹಾಕುತ್ತವೆ. ಕೊನೆಗೆ ಕೈಗೆ ಸಿಗುವುದು ಹೆಚ್ಚುಕಡಿಮೆ ದುಬಾರಿ ಜೆಲಾಟಿನ್.

ರೇಷ್ಮೆ ಎಳೆಯ ಒಳಗಿನ ಪ್ರೋಟೀನ್ ಆದ ಫೈಬ್ರೋಯಿನ್ ಹಾಗಲ್ಲ. ನೀರಿನಲ್ಲೇ ಕೆಲಸ ಮುಗಿಯುತ್ತದೆ. ಗ್ಲುಟರಾಲ್ಡಿಹೈಡ್‌ನಂಥ ವಿಷಕಾರಿ ಕ್ರಾಸ್‌ಲಿಂಕರ್ ಬೇಡ, ಆಲ್ಕೋಹಾಲ್ ತಾಗಿಸಿದರೆ ಸಾಕು, ಅದರ ಸರಪಳಿಗಳು ಬೀಟಾ ಶೀಟ್ ಆಗಿ ಮಡಚಿಕೊಂಡು ನೀರಿಗೆ ಕರಗದ ಹಾಗೆ ಗಟ್ಟಿಯಾಗುತ್ತವೆ. ರೇಷ್ಮೆ ದಾರದಿಂದ ಹೊಲಿಗೆ ಹಾಕುವುದು ಆಸ್ಪತ್ರೆಗಳಿಗೆ ಹಳೆಯ ಪರಿಚಯ. ಮೇಲಾಗಿ ನಾವಿರುವುದು ದೇಶದಲ್ಲೇ ಅತಿ ಹೆಚ್ಚು ರೇಷ್ಮೆ ಬೆಳೆಯುವ ರಾಜ್ಯದಲ್ಲಿ. ರಾಮನಗರ, ಶಿಡ್ಲಘಟ್ಟ, ಕೊಳ್ಳೇಗಾಲದ ಗೂಡು ಮಾರುಕಟ್ಟೆಗಳು ಇಲ್ಲೇ ಇರುವಾಗ, ಸಣ್ಣ ಬಾಟಲಿಗೆ ದೊಡ್ಡ ದುಡ್ಡು ಕೊಟ್ಟು ಹೊರದೇಶದ ಫೈಬ್ರೋಯಿನ್ ತರಿಸುವುದು ನನಗಂತೂ ಒಪ್ಪಿಗೆಯಿಲ್ಲ.

ಗೂಡು ಆರಿಸುವುದು

ಮಾರುಕಟ್ಟೆಯಲ್ಲಿ ಎರಡು ಬಗೆ ಸಿಗುತ್ತದೆ. ದ್ವಿತಳಿಯ ಬಿಳಿ ಗೂಡು ಒಂದು, ಮಿಶ್ರತಳಿಯ ಹಳದಿ ಗೂಡು ಇನ್ನೊಂದು. ಎರಡರಲ್ಲೂ ಫೈಬ್ರೋಯಿನ್ ಇದೆ. ಹಳದಿ ಬಣ್ಣ ಇರುವುದು ಬಹುಪಾಲು ಹೊರಗಿನ ಸೆರಿಸಿನ್ ಅನ್ನುವ ಅಂಟು ಪದರದಲ್ಲಿ, ಅದು ಬೇಯಿಸುವಾಗಲೇ ಹೋಗುತ್ತದೆ. ಆದರೂ ಶುರುಮಾಡುವವರು ಬಿಳಿ ಗೂಡು ತೆಗೆದುಕೊಳ್ಳುವುದು ಒಳ್ಳೆಯದು. ಚಿಪ್ಪು ದಪ್ಪ ಇರುತ್ತದೆ, ಕೊಳೆ ಇದ್ದರೆ ಕಣ್ಣಿಗೆ ಬೀಳುತ್ತದೆ.

ಮಾರುಕಟ್ಟೆಯ ಗೂಡಿನೊಳಗೆ ಕೋಶ (ಪ್ಯೂಪಾ) ಇನ್ನೂ ಜೀವಂತ ಇರುತ್ತದೆ. ತಂದು ಹಾಗೇ ಇಟ್ಟರೆ ಕೆಲವೇ ದಿನಗಳಲ್ಲಿ ಚಿಟ್ಟೆ ಗೂಡು ತೂತುಮಾಡಿ ಹೊರಬರುತ್ತದೆ. ಹಾಗಾಗಿ ತಂದ ದಿನವೇ ಚೂಪಾದ ಕತ್ತರಿಯಿಂದ ಗೂಡಿನ ಒಂದು ತುದಿ ಕತ್ತರಿಸಿ, ಕೋಶವನ್ನೂ ಅದರ ಜೊತೆಗಿನ ಒಣ ಪೊರೆಯನ್ನೂ ಹೊರಗೆ ತೆಗೆಯಿರಿ. ಕೋಶಕ್ಕೆ ಕತ್ತರಿ ತಾಗಿ ರಸ ಸೋರಿದರೆ ಆ ಗೂಡು ಬೇಡ, ಪಕ್ಕಕ್ಕಿಡಿ. ಅದರ ಕೊಬ್ಬು ಮತ್ತು ಬಣ್ಣ ಎಳೆಗೆ ಅಂಟಿದರೆ ಮುಂದೆ ದ್ರಾವಣ ಮಬ್ಬಾಗುತ್ತದೆ. ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ಚಿಟ್ಟೆ ಹೊರಬಂದ ತೂತು ಗೂಡು ಕಡಿಮೆ ಬೆಲೆಗೆ ಸಿಗುತ್ತದೆ. ಅಭ್ಯಾಸ ಮಾಡಿಕೊಳ್ಳಲು ಅದು ಸಾಕು. ಆದರೆ ಚಿಟ್ಟೆ ಬಿಟ್ಟ ಕಂದು ಕಲೆ ಇರುವ ಭಾಗವನ್ನೂ ತೂತಿನ ಸುತ್ತಲಿನ ಭಾಗವನ್ನೂ ಕತ್ತರಿಸಿ ಬಿಸಾಕಿ.

ಖಾಲಿ ಚಿಪ್ಪನ್ನು ಬೆರಳುಗುರಿನ ಗಾತ್ರದ ನಾಲ್ಕಾರು ತುಂಡು ಮಾಡಿ, 5 ಗ್ರಾಂ ತೂಗಿ. ಸುಮಾರು 15ರಿಂದ 20 ಗೂಡು ಬೇಕಾಗುತ್ತದೆ. ಯಾವ ತಳಿ, ಯಾವ ಮಾರುಕಟ್ಟೆ, ಯಾವ ತಿಂಗಳು ಅಂತ ನೋಟ್‌ಬುಕ್‌ನಲ್ಲಿ ಬರೆದಿಡಿ. ಮಳೆಗಾಲದ ಗೂಡೂ ಬೇಸಿಗೆಯ ಗೂಡೂ ಒಂದೇ ಥರ ಇರುವುದಿಲ್ಲ, ಅಲ್ವಾ?

ಬೇಯಿಸುವುದು: ಇಲ್ಲಿ ಆತುರ ಬೇಡ

ಗೂಡಿನ ಎಳೆಯಲ್ಲಿ ಎರಡು ಪ್ರೋಟೀನ್ ಇವೆ. ಒಳಗೆ ಫೈಬ್ರೋಯಿನ್, ಅದರ ಸುತ್ತ ಅಂಟಿನ ಹಾಗೆ ಸೆರಿಸಿನ್. ತೂಕದಲ್ಲಿ ಕಾಲು ಭಾಗದಷ್ಟು, ಕೆಲವೊಮ್ಮೆ ಇನ್ನೂ ಸ್ವಲ್ಪ ಜಾಸ್ತಿ, ಸೆರಿಸಿನ್ ಇರುತ್ತದೆ. ಇದು ಪೂರ್ತಿ ಹೋಗಬೇಕು. ಎರಡೂ ಸೇರಿಕೊಂಡಿದ್ದರೆ ದೇಹ ಉರಿಯೂತದಿಂದ ಪ್ರತಿಕ್ರಿಯಿಸುವ ಅಪಾಯ ಜಾಸ್ತಿ. ದ್ರಾವಣದಲ್ಲೂ ಅದು ತೊಂದರೆ ಕೊಡುತ್ತದೆ.

2 ಲೀಟರ್ ಡಿಅಯೊನೈಸ್ಡ್ ನೀರನ್ನು ದೊಡ್ಡ ಗಾಜಿನ ಬೀಕರ್‌ನಲ್ಲಿ ಕುದಿಸಿ. ಅದಕ್ಕೆ 4.24 ಗ್ರಾಂ ಸೋಡಿಯಂ ಕಾರ್ಬೊನೇಟ್ ಹಾಕಿ. ಇದು 0.02 ಮೋಲಾರ್ ಆಗುತ್ತದೆ. ಪುಡಿಯನ್ನು ಒಮ್ಮೆಲೇ ಸುರಿದರೆ ನೀರು ಉಕ್ಕುತ್ತದೆ, ಸ್ವಲ್ಪ ಸ್ವಲ್ಪವೇ ಹಾಕಿ. ಬೋರ್‌ವೆಲ್ ನೀರು ಬಳಸಲೇಬೇಡಿ. ಗಡಸು ನೀರಿನ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಎಳೆಗಳ ಮೇಲೆ ಕೂರುತ್ತದೆ.

ಚಿಪ್ಪಿನ ತುಂಡು ಹಾಕಿ ಸರಿಯಾಗಿ 30 ನಿಮಿಷ ಕುದಿಸಿ. ಆಗಾಗ ಗಾಜಿನ ಕಡ್ಡಿಯಿಂದ ಮುಳುಗಿಸುತ್ತಾ ಬಿಡಿಸುತ್ತಾ ಇರಿ. ಟೈಮರ್ ಇಟ್ಟುಕೊಳ್ಳಿ. ಈ 30 ನಿಮಿಷದ ಮೇಲೆ ನಾನು ಇಷ್ಟು ಒತ್ತು ಕೊಡಲು ಕಾರಣ ಇದೆ. ಫೈಬ್ರೋಯಿನ್‌ನ ದೊಡ್ಡ ಸರಪಳಿ ಸುಮಾರು 390 ಕಿಲೋಡಾಲ್ಟನ್ ಅಣುತೂಕದ್ದು. ಕುದಿಯುವ ಕ್ಷಾರದಲ್ಲಿ ಅದು ನಿಮಿಷ ನಿಮಿಷಕ್ಕೂ ತುಂಡಾಗುತ್ತಾ ಹೋಗುತ್ತದೆ. ಒಂದು ಗಂಟೆ ಬೇಯಿಸಿದರೆ ನೋಡಲು ಇನ್ನೂ ಬೆಳ್ಳಗೆ, ಮೃದುವಾಗಿ ಚೆಂದ ಕಾಣುತ್ತದೆ. ಆದರೆ ಸರಪಳಿ ಗಿಡ್ಡ ಆಗಿರುವುದರಿಂದ ದ್ರಾವಣ ತೆಳುವಾಗುತ್ತದೆ. ತೆಳು ದ್ರಾವಣದಲ್ಲಿ ಸರಪಳಿಗಳು ಒಂದಕ್ಕೊಂದು ಸಿಕ್ಕಿಕೊಳ್ಳುವುದಿಲ್ಲ. ಸಿಕ್ಕಿಕೊಳ್ಳದಿದ್ದರೆ ಎಳೆಯ ಬದಲು ಹನಿ ಬೀಳುತ್ತದೆ. ಆಗ ವೋಲ್ಟೇಜ್ ಎಷ್ಟು ಬದಲಾಯಿಸಿದರೂ ಪ್ರಯೋಜನವಿಲ್ಲ. ಇಂದು 30 ನಿಮಿಷ, ನಾಳೆ 45 ನಿಮಿಷ ಅಂತ ಮಾಡಿದರೆ ಎರಡು ಬ್ಯಾಚ್ ಎರಡು ಬೇರೆ ವಸ್ತುಗಳಾಗುತ್ತವೆ.

ಬೆಂದ ರೇಷ್ಮೆಯನ್ನು ಎತ್ತಿ, ತಣ್ಣಗಿನ ಡಿಅಯೊನೈಸ್ಡ್ ನೀರಿನಲ್ಲಿ 20 ನಿಮಿಷದ ಹಾಗೆ ಮೂರು ಸಲ ಜಾಲಿಸಿ. ಪ್ರತಿ ಸಲವೂ ಹಿಂಡಿ ತೆಗೆಯಿರಿ. ಕೈಗವಸು ಹಾಕಿದ ಬೆರಳಿಗೆ ಜಾರುವ ಲೋಳೆ ತಾಗಿದರೆ ಸೆರಿಸಿನ್ ಇನ್ನೂ ಇದೆ. ಶುದ್ಧವಾದ ಎಳೆ ಹತ್ತಿಯ ಹಾಗೆ ಬಿಡಿಬಿಡಿಯಾಗಿ ಬಿಚ್ಚಿಕೊಳ್ಳುತ್ತದೆ, ಹಿಂಡುವಾಗ ಸಣ್ಣಗೆ ಕಿರುಗುಟ್ಟುತ್ತದೆ. ಬಿಡಿಸಿ ಅಲ್ಯೂಮಿನಿಯಂ ಹಾಳೆಯ ಮೇಲೆ ಹರಡಿ, ಹುಡ್‌ನಲ್ಲಿ ರಾತ್ರಿಯಿಡೀ ಒಣಗಲು ಬಿಡಿ.

ಬೆಳಿಗ್ಗೆ ತೂಗಿ. 5 ಗ್ರಾಂ ಹೋಗಿ 3.5ರಿಂದ 3.8 ಗ್ರಾಂ ಆಗಿರಬೇಕು. 4 ಗ್ರಾಂಗಿಂತ ಜಾಸ್ತಿ ಇದ್ದರೆ ಒಂದೋ ಪೂರ್ತಿ ಒಣಗಿಲ್ಲ, ಇಲ್ಲವೇ ಅಂಟು ಉಳಿದಿದೆ. ಅನುಮಾನ ಇದ್ದರೆ ನಾಲ್ಕು ಎಳೆಗೆ ಪಿಕ್ರೋಕಾರ್ಮೈನ್ ಬಣ್ಣ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡಿ. ಫೈಬ್ರೋಯಿನ್ ಹಳದಿ ಕಾಣುತ್ತದೆ, ಸೆರಿಸಿನ್ ಕೆಂಪು. ಹಳೆಯ ಕಾಲದ ಪರೀಕ್ಷೆ, ಖರ್ಚು ಕಡಿಮೆ, ಉತ್ತರ ಸ್ಪಷ್ಟ.

ಕರಗಿಸುವುದು

ಒಣಗಿದ ಫೈಬ್ರೋಯಿನ್ ನೀರಿಗೆ ಕರಗುವುದಿಲ್ಲ. ಅದರ ಬೀಟಾ ಶೀಟ್ ಬಿಡಿಸಲು ಗಾಢ ಲವಣ ಬೇಕು. ಎಲ್ಲ ಕಡೆ ಬಳಕೆಯಲ್ಲಿರುವುದು 9.3 ಮೋಲಾರ್ ಲಿಥಿಯಂ ಬ್ರೋಮೈಡ್. ಒಂದು ಗ್ರಾಂ ರೇಷ್ಮೆಗೆ 4 ಮಿ.ಲೀ. ಲೆಕ್ಕ. 3.6 ಗ್ರಾಂ ಇದ್ದರೆ 14.4 ಮಿ.ಲೀ. ಬೇಕು, ಅದರಲ್ಲಿ ಸುಮಾರು 11.6 ಗ್ರಾಂ ಲವಣ ಇರುತ್ತದೆ. ಲವಣ ನೀರಿಗೆ ಬಿದ್ದ ಕೂಡಲೇ ಜೋರಾಗಿ ಬಿಸಿಯಾಗುತ್ತದೆ. ಆದ್ದರಿಂದ ನೀರು ಮೊದಲು, ಲವಣ ಆಮೇಲೆ, ಅದೂ ಚಮಚ ಚಮಚವಾಗಿ. ಪೂರ್ತಿ ಕರಗಿ ಆರಿದ ಮೇಲೆ ಅಳತೆಗೆ ನೀರು ತುಂಬಿಸಿ.

ಸಣ್ಣ ಬೀಕರ್‌ನ ತಳಕ್ಕೆ ರೇಷ್ಮೆಯನ್ನು ಒತ್ತಿ ತುಂಬಿ, ಮೇಲಿಂದ ಲವಣದ ದ್ರಾವಣ ಸುರಿಯಿರಿ. ಮುಚ್ಚಿ 60 ಡಿಗ್ರಿಯ ಓವನ್‌ನಲ್ಲಿ 4 ಗಂಟೆ ಇಡಿ. ಕಲಕುವ ಅಗತ್ಯ ಇಲ್ಲ. ಕೊನೆಗೆ ಜೇನಿನ ಬಣ್ಣದ, ಮಂದವಾದ, ಒಳಗೆ ಒಂದೂ ಎಳೆ ಕಾಣದ ದ್ರಾವಣ ಸಿಗುತ್ತದೆ. ಎಳೆ ಕಂಡರೆ ಇನ್ನೂ ಸ್ವಲ್ಪ ಹೊತ್ತು ಬಿಡಿ.

ಲಿಥಿಯಂ ಬ್ರೋಮೈಡ್ ದುಬಾರಿ. ಬಜೆಟ್ ಕಡಿಮೆ ಇರುವ ಕಾಲೇಜುಗಳಿಗೆ ಇನ್ನೊಂದು ದಾರಿ ಇದೆ: ಕ್ಯಾಲ್ಸಿಯಂ ಕ್ಲೋರೈಡ್, ಎಥನಾಲ್, ನೀರು ಮೂರನ್ನೂ ಮೋಲ್ ಲೆಕ್ಕದಲ್ಲಿ 1:2:8 ಬೆರೆಸಿ, 70 ಡಿಗ್ರಿ ಆಸುಪಾಸಿನಲ್ಲಿ ಕರಗಿಸುವುದು. ತೂಕದಲ್ಲಿ ಇದು 111 ಗ್ರಾಂ, 92 ಗ್ರಾಂ, 144 ಗ್ರಾಂ. ನಿಮ್ಮ ಬಾಟಲಿಯ ಮೇಲೆ ಡೈಹೈಡ್ರೇಟ್ ಅಂತ ಬರೆದಿದ್ದರೆ ಲವಣ 147 ಗ್ರಾಂ ಹಾಕಿ, ನೀರನ್ನು 108 ಗ್ರಾಂಗೆ ಇಳಿಸಿ. ಲವಣದೊಳಗೇ ನೀರು ಇದೆ ಅನ್ನುವುದನ್ನು ಮರೆತರೆ ಅನುಪಾತ ಕೆಡುತ್ತದೆ. ಈ ದಾರಿಯಲ್ಲಿ ಸರಪಳಿ ಸ್ವಲ್ಪ ಜಾಸ್ತಿ ತುಂಡಾಗುತ್ತದೆ. ಹಾಗಾಗಿ ಕಲಿಯುವುದಕ್ಕೆ ಇದು ಸರಿ, ಪ್ರಬಂಧಕ್ಕೆ ಬೇಕಾದ ಬ್ಯಾಚ್‌ಗೆ ಲಿಥಿಯಂ ಬ್ರೋಮೈಡ್ ಬಳಸಿ ಅನ್ನುತ್ತೇನೆ.

ಡಯಾಲಿಸಿಸ್ ಮತ್ತು ಆಮೇಲಿನ ಎಚ್ಚರ

ಈಗ ಲವಣ ಹೊರಗೆ ಹೋಗಬೇಕು, ಪ್ರೋಟೀನ್ ಒಳಗೆ ಉಳಿಯಬೇಕು. 3.5 ಕಿಲೋಡಾಲ್ಟನ್ ಮಿತಿಯ (ಅದಕ್ಕಿಂತ ಚಿಕ್ಕ ಅಣುಗಳನ್ನು ಮಾತ್ರ ಹೊರಗೆ ಬಿಡುವ) ಡಯಾಲಿಸಿಸ್ ಕೊಳವೆಯಲ್ಲಿ ದ್ರಾವಣ ತುಂಬಿ. ಕೊಳವೆಯನ್ನು ಅರ್ಧದಷ್ಟೇ ತುಂಬಿಸಿ, ಯಾಕೆಂದರೆ ನೀರು ಒಳಗೆ ಎಳೆದುಕೊಂಡು ಅದು ಇಮ್ಮಡಿ ಉಬ್ಬುತ್ತದೆ. 2 ಲೀಟರ್ ಡಿಅಯೊನೈಸ್ಡ್ ನೀರಿನಲ್ಲಿ ಮುಳುಗಿಸಿ, ನಿಧಾನಕ್ಕೆ ತಿರುಗುವ ಸ್ಟಿರರ್ ಮೇಲೆ ಇಡಿ. ಮೊದಲ ಸಲ ಒಂದು ಗಂಟೆಗೆ ನೀರು ಬದಲಿಸಿ, ಆಮೇಲೆ ನಾಲ್ಕು ಗಂಟೆಗೆ, ಮುಂದೆ ಬೆಳಿಗ್ಗೆ ಸಂಜೆ. 48 ಗಂಟೆಯಲ್ಲಿ ಒಟ್ಟು ಆರು ಸಲ ಬದಲಾಗಬೇಕು. ಕಂಡಕ್ಟಿವಿಟಿ ಮೀಟರ್ ಇದ್ದರೆ ಕೊನೆಯ ನೀರಿನಲ್ಲಿ ಅದ್ದಿ ನೋಡಿ. ಹೊಸ ನೀರಿನ ಅಂಕಿಯೂ ಅದರ ಅಂಕಿಯೂ ಹತ್ತಿರ ಬಂದಿದ್ದರೆ ಕೆಲಸ ಆಯಿತು. ಲವಣ ಉಳಿದರೆ ದ್ರಾವಣದ ವಿದ್ಯುತ್ ವಾಹಕತೆ ಏರುಪೇರಾಗುತ್ತದೆ, ಸೂಜಿಯ ತುದಿಯಲ್ಲಿ ಜೆಟ್ ನಿಲ್ಲದೆ ಕುಣಿಯುತ್ತದೆ. ಲಿಥಿಯಂ ಜೀವಕೋಶಕ್ಕೂ ಒಳ್ಳೆಯದಲ್ಲ.

ದ್ರಾವಣವನ್ನು 4 ಡಿಗ್ರಿಯಲ್ಲಿ, 9,000 ಆರ್‌ಪಿಎಂನಲ್ಲಿ 20 ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ತಳದಲ್ಲಿ ಕೂತ ಕಸ ಕದಡದ ಹಾಗೆ ಮೇಲಿನದನ್ನು ತೆಗೆದು, ಇನ್ನೊಂದು ಸಲ ಹಾಗೇ ಮಾಡಿ. 25ರಿಂದ 30 ಮಿ.ಲೀ. ತಿಳಿಯಾದ, ತುಸು ಹಳದಿ ಛಾಯೆಯ ದ್ರಾವಣ ನಿಮ್ಮ ಕೈಯಲ್ಲಿರುತ್ತದೆ.

ಇಲ್ಲಿಂದ ಮುಂದೆ ಇದನ್ನು ಮೆತ್ತಗೆ ನೋಡಿಕೊಳ್ಳಬೇಕು. ವೋರ್ಟೆಕ್ಸ್ ಮೇಲೆ ಇಡಬೇಡಿ. ಬಾಟಲಿ ಕುಲುಕಬೇಡಿ. ನೊರೆ ಬರುವ ಹಾಗೆ ಪಿಪೆಟ್ ಮಾಡಬೇಡಿ. ಕುಲುಕಿದ ರಭಸಕ್ಕೇ ಫೈಬ್ರೋಯಿನ್ ಬೀಟಾ ಶೀಟ್ ಕಟ್ಟಲು ಶುರುಮಾಡಿ ಹೆಪ್ಪುಗಟ್ಟುತ್ತದೆ. ಒಮ್ಮೆ ಹೆಪ್ಪಾದರೆ ವಾಪಸ್ ದ್ರಾವಣ ಆಗುವುದಿಲ್ಲ. ಬಿಸಿ, ಆಮ್ಲ, ಜಾಸ್ತಿ ಸಾಂದ್ರತೆ ಇವೂ ಹೆಪ್ಪನ್ನು ಬೇಗ ತರುತ್ತವೆ. 4 ಡಿಗ್ರಿಯಲ್ಲಿ ಇಟ್ಟರೆ ಕೆಲವು ವಾರ ಬಾಳಿಕೆ ಬರುತ್ತದೆ. ಎಳೆ ತೆಗೆಯಲು ಮಾತ್ರ ಮೊದಲ ವಾರದ ದ್ರಾವಣವೇ ಉತ್ತಮ.

ಸಾಂದ್ರತೆ ಅಳೆಯದೆ ಮುಂದೆ ಹೋಗಬೇಡಿ. ಖಾಲಿ ತಟ್ಟೆ ತೂಗಿ, 0.5 ಮಿ.ಲೀ. ದ್ರಾವಣ ಹಾಕಿ, 60 ಡಿಗ್ರಿಯಲ್ಲಿ ಪೂರ್ತಿ ಒಣಗಿಸಿ ಮತ್ತೆ ತೂಗಿ. ಉಳಿದಿದ್ದು 0.04 ಗ್ರಾಂ ಆದರೆ ಅದು ಶೇ 8. ನಮಗೆ ಬೇಕಾದದ್ದು ಅದೇ. ಶೇ 6 ಬಂದಿದ್ದರೆ ದ್ರಾವಣವನ್ನು ಮತ್ತೆ ಕೊಳವೆಗೆ ತುಂಬಿ, ಶೇ 10ರಿಂದ 15ರ ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣದಲ್ಲಿ ಕೆಲವು ಗಂಟೆ ಇಡಿ. ಅದು ಒಳಗಿನ ನೀರನ್ನು ಎಳೆದುಕೊಳ್ಳುತ್ತದೆ. ಇದಕ್ಕೆ 10 ಕಿಲೋಡಾಲ್ಟನ್ ಗ್ಲೈಕಾಲ್ ಬಳಸಿ, ಇಲ್ಲದಿದ್ದರೆ ಅದೇ ಒಳಗೆ ನುಗ್ಗುತ್ತದೆ. 30 ಮಿ.ಲೀ.ನಷ್ಟು ಶೇ 6ರ ದ್ರಾವಣ ಶೇ 8 ಆಗಬೇಕಾದರೆ 22.5 ಮಿ.ಲೀ.ಗೆ ಇಳಿಯಬೇಕು. ಆಗಾಗ ಕೊಳವೆ ಎತ್ತಿ ನೋಡಿ.

ಪಿಇಒ ಬೆರೆಸುವುದು

ನೀರಿನಲ್ಲಿರುವ ಫೈಬ್ರೋಯಿನ್‌ಗೆ ಒಂಟಿಯಾಗಿ ಎಳೆಯಾಗುವಷ್ಟು ಸ್ನಿಗ್ಧತೆ ಇರುವುದಿಲ್ಲ. ಅದಕ್ಕೆ ಪಾಲಿಎಥಿಲೀನ್ ಆಕ್ಸೈಡ್, ಅಂದರೆ ಪಿಇಒ, ಜೊತೆಗೆ ಬೇಕು. 9 ಲಕ್ಷ ಅಣುತೂಕದ ಪಿಇಒ ತೆಗೆದುಕೊಂಡು ಶೇ 5ರ ದ್ರಾವಣವನ್ನು ಹಿಂದಿನ ದಿನವೇ ಮಾಡಿಡಿ. ಪುಡಿಯನ್ನು ಸುಳಿ ತಿರುಗುತ್ತಿರುವ ನೀರಿಗೆ ಉದುರಿಸಬೇಕು, ಒಮ್ಮೆಲೇ ಹಾಕಿದರೆ ಗಂಟಾಗುತ್ತದೆ. ಕರಗಲು ಒಂದು ರಾತ್ರಿ ಪೂರ್ತಿ ಬೇಕು.

20 ಮಿ.ಲೀ. ಶೇ 8ರ ರೇಷ್ಮೆಗೆ 5 ಮಿ.ಲೀ. ಪಿಇಒ ಸೇರಿಸಿ, ತುಂಬ ನಿಧಾನವಾಗಿ 15 ನಿಮಿಷ ಕಲಕಿ. ಗುಳ್ಳೆ ಬಂದರೆ ಫ್ರಿಜ್‌ನಲ್ಲಿ ಸ್ವಲ್ಪ ಹೊತ್ತು ಬಿಡಿ, ತಾನಾಗಿ ಹೋಗುತ್ತವೆ. ಲೆಕ್ಕ ಹಾಕಿದರೆ ರೇಷ್ಮೆ 1.6 ಗ್ರಾಂ, ಪಿಇಒ 0.25 ಗ್ರಾಂ. ಅಂದರೆ ಒಣ ತೂಕದಲ್ಲಿ ಪಿಇಒ ಶೇ 13.5. ಈ ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಒಂದು ಪರೀಕ್ಷೆಗೆ ಬೇಕು.

ಮಷಿನ್ ಮುಂದೆ

ಮೊದಲು ಸುರಕ್ಷೆ. ಕರೆಂಟ್ ಕಡಿಮೆ ಇದ್ದರೂ 15 ಕಿಲೋವೋಲ್ಟ್ ಅಂದರೆ ತಮಾಷೆಯಲ್ಲ. ಕಲೆಕ್ಟರ್, ಅಂದರೆ ಎಳೆ ಬಂದು ಬೀಳುವ ತಗಡು ಅಥವಾ ಡ್ರಮ್, ಅದರ ಅರ್ಥಿಂಗ್ ಪರೀಕ್ಷಿಸಿ. ಪೆಟ್ಟಿಗೆಯ ಬಾಗಿಲು ತೆಗೆದರೆ ಪವರ್ ತಾನಾಗಿ ನಿಲ್ಲುವ ಇಂಟರ್‌ಲಾಕ್ ಕೆಲಸ ಮಾಡುತ್ತಿದೆಯೇ ನೋಡಿ. ಸ್ವಿಚ್ ಆಫ್ ಮಾಡಿದ ಮೇಲೂ ಅರ್ಥಿಂಗ್ ಕಡ್ಡಿಯಿಂದ ಸೂಜಿಯನ್ನು ಮುಟ್ಟಿಸಿ ಉಳಿದ ಚಾರ್ಜ್ ಇಳಿಸಿ, ಆಮೇಲೆ ಕೈ ಹಾಕಿ.

10 ಮಿ.ಲೀ. ಸಿರಿಂಜ್‌ಗೆ ದ್ರಾವಣ ಎಳೆದುಕೊಂಡು, ತುದಿ ಚಪ್ಪಟೆಯಾಗಿರುವ 20 ಗೇಜ್ ಸೂಜಿ ಹಾಕಿ. ಸೂಜಿಯಿಂದ ಕಲೆಕ್ಟರ್‌ಗೆ 15ರಿಂದ 20 ಸೆಂ.ಮೀ. ಅಂತರ ಇರಲಿ. ಪಂಪ್ ಗಂಟೆಗೆ 0.6ರಿಂದ 1 ಮಿ.ಲೀ. ವೋಲ್ಟೇಜ್ ಅನ್ನು ಸೊನ್ನೆಯಿಂದ ಮೆಲ್ಲಗೆ ಏರಿಸಿ. ಸೂಜಿಯ ತುದಿಯಲ್ಲಿ ಜೋತಾಡುವ ಹನಿ ಮೊದಲು ಉದ್ದವಾಗುತ್ತದೆ, ಆಮೇಲೆ ಚೂಪಾಗುತ್ತದೆ, 10ರಿಂದ 13 ಕಿಲೋವೋಲ್ಟ್ ಸುತ್ತಮುತ್ತ ಅದರ ತುದಿಯಿಂದ ಕಂಡೂ ಕಾಣದ ಹಾಗೆ ಒಂದು ಎಳೆ ಹೊರಡುತ್ತದೆ. ಈ ಚೂಪು ಹನಿಗೆ ಟೇಲರ್ ಕೋನ್ ಅನ್ನುತ್ತಾರೆ. ಜೆಫ್ರಿ ಟೇಲರ್ 1964ರಲ್ಲಿ ಇದರ ಗಣಿತ ಬಿಡಿಸಿದರು. ಪಕ್ಕದಿಂದ ಟಾರ್ಚ್ ಬಿಟ್ಟು, ಹಿಂದೆ ಕಪ್ಪು ಕಾಗದ ಇಟ್ಟರೆ ಎಳೆ ಎರಡು ಮೂರು ಸೆಂ.ಮೀ. ನೇರ ಹೋಗಿ, ಅಲ್ಲಿಂದ ಸುತ್ತುತ್ತಾ ಹರಡುವುದು ಕಾಣಿಸುತ್ತದೆ. ಆ ಸುತ್ತಾಟದಲ್ಲೇ ಅದು ಎಳೆದು ಎಳೆದು ತೆಳುವಾಗುವುದು, ನೀರು ಆರುವುದು. ಕೋನ್ ಸ್ಥಿರವಾಗಿ ನಿಂತ ಮೇಲೆ ವೋಲ್ಟೇಜ್ ಮುಟ್ಟಬೇಡಿ.

ಎಳೆಗಳು ಅಡ್ಡಾದಿಡ್ಡಿ ಇರಬೇಕಾದರೆ ಸಮತಟ್ಟು ತಗಡು ಅಥವಾ ನಿಧಾನದ ಡ್ರಮ್ ಸಾಕು. ನರ ಅಥವಾ ಸ್ನಾಯುರಜ್ಜುವಿನ ಕೆಲಸಕ್ಕೆ ಒಂದೇ ದಿಕ್ಕಿನ ಎಳೆ ಬೇಕು. ಆಗ ಡ್ರಮ್ ಜೋರಾಗಿ ತಿರುಗಬೇಕು. 10 ಸೆಂ.ಮೀ. ವ್ಯಾಸದ ಡ್ರಮ್ 2,000 ಆರ್‌ಪಿಎಂನಲ್ಲಿ ಓಡಿದರೆ ಮೇಲ್ಮೈ ವೇಗ ಸೆಕೆಂಡಿಗೆ ಸುಮಾರು 10 ಮೀಟರ್. ಅಲ್ಲಿಂದ ಶುರುಮಾಡಿ.

ಹಾಳೆ ಎಷ್ಟು ದಪ್ಪ ಬರುತ್ತದೆ? ಗಂಟೆಗೆ 1 ಮಿ.ಲೀ. ಅಂದರೆ 74 ಮಿ.ಗ್ರಾಂ ಒಣ ವಸ್ತು. ಅದೆಲ್ಲ 10 ಸೆಂ.ಮೀ. ಚೌಕದಲ್ಲಿ ಬಿದ್ದು, ಹಾಳೆಯ ಶೇ 80 ಭಾಗ ಖಾಲಿ ಜಾಗ ಅಂತ ಇಟ್ಟುಕೊಂಡರೆ ಗಂಟೆಗೆ 28 ಮೈಕ್ರಾನ್ ಸುತ್ತಮುತ್ತ. ಮೂರು ಗಂಟೆ ಓಡಿಸಿದರೆ ಕೈಯಲ್ಲಿ ಹಿಡಿಯಬಹುದಾದ ಹಾಳೆ ಸಿಗುತ್ತದೆ.

ಹವೆಯ ಬಗ್ಗೆ ಒಂದು ಮಾತು. ನಮ್ಮ ದ್ರಾವಕ ನೀರು. ಗಾಳಿಯಲ್ಲಿ ಆಗಲೇ ನೀರು ತುಂಬಿದ್ದರೆ ಎಳೆ ಒಣಗುವುದು ಹೇಗೆ? ಮಾರ್ಚ್‌ನ ಮಧ್ಯಾಹ್ನ ಬೆಂಗಳೂರಿನಲ್ಲಿ ಸಲೀಸಾಗಿ ಬರುವ ಹಾಳೆ ಜುಲೈನಲ್ಲಿ ಒದ್ದೆ ಪೊರೆಯಾಗಿ ಅಂಟಿಕೊಳ್ಳುತ್ತದೆ. ಮಂಗಳೂರಿನವರ ಪಾಡು ಇನ್ನೂ ಕಷ್ಟ. ಪೆಟ್ಟಿಗೆಯೊಳಗಿನ ತೇವಾಂಶ ಶೇ 40ಕ್ಕಿಂತ ಕೆಳಗಿರಲಿ. ಡಿಹ್ಯುಮಿಡಿಫೈಯರ್ ಇಲ್ಲದಿದ್ದರೆ ಬಿಸಿ ಮಾಡಿದ ಸಿಲಿಕಾ ಜೆಲ್ ತಟ್ಟೆಗಳನ್ನು ಮುಂಚೆಯೇ ಒಳಗಿಟ್ಟು ಮುಚ್ಚಿ. ಅತಿ ಒಣಗಿದರೂ ತೊಂದರೆ, ಶೇ 20ಕ್ಕೆ ಇಳಿದರೆ ಸೂಜಿಯ ತುದಿಯಲ್ಲೇ ರೇಷ್ಮೆ ಗಟ್ಟಿಯಾಗುತ್ತದೆ. ಹಾಗಾದರೆ ಪವರ್ ಆಫ್ ಮಾಡಿ, ಚಾರ್ಜ್ ಇಳಿಸಿ, ಒದ್ದೆ ಟಿಶ್ಯೂವಿನಿಂದ ಒರೆಸಿ ಮುಂದುವರಿಸಿ.

ಹಾಳೆ ನೋಡಿ ತಪ್ಪು ಗುರುತಿಸುವುದು

ದೊಡ್ಡ ಬ್ಯಾಚ್‌ಗೆ ಮುಂಚೆ ಗಾಜಿನ ಸ್ಲೈಡ್ ಮೇಲೆ ಒಂದು ನಿಮಿಷ ಎಳೆ ಬೀಳಿಸಿ, ಸಾಮಾನ್ಯ ಮೈಕ್ರೋಸ್ಕೋಪ್‌ನಲ್ಲಿ ನೋಡಿ. ಎಸ್‌ಇಎಂ (ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಸರದಿ ಕಾಯುವ ಅಗತ್ಯ ಇಲ್ಲ. ದಾರದಲ್ಲಿ ಪೋಣಿಸಿದ ಮಣಿಗಳ ಥರ ಉಬ್ಬು ಕಂಡರೆ ಸ್ನಿಗ್ಧತೆ ಸಾಲದು. ಸಾಂದ್ರತೆ ಏರಿಸಿ, ಅದಕ್ಕೂ ಜಗ್ಗದಿದ್ದರೆ ಗೂಡು ಜಾಸ್ತಿ ಬೆಂದಿದೆ ಅಂತಲೇ ಅರ್ಥ. ಎಳೆ ಚಪ್ಪಟೆ ಪಟ್ಟಿಯಾಗಿದ್ದರೆ, ಒಂದರ ಮೇಲೊಂದು ಬಿದ್ದಲ್ಲಿ ಬೆಸೆದುಕೊಂಡಿದ್ದರೆ, ನೀರು ಆರಿಲ್ಲ. ದೂರ ಹೆಚ್ಚಿಸಿ, ಪಂಪ್ ನಿಧಾನ ಮಾಡಿ, ತೇವಾಂಶ ನೋಡಿ. ಅಲ್ಲಲ್ಲಿ ದೊಡ್ಡ ಹನಿ ಬಿದ್ದ ಗುರುತು ಇದ್ದರೆ ಪಂಪ್ ವೇಗ ಜಾಸ್ತಿಯಾಗಿದೆ. ಎಲ್ಲ ಸರಿಯಿದ್ದರೆ ಎಸ್‌ಇಎಂನಲ್ಲಿ ಕೆಲವು ನೂರು ನ್ಯಾನೊಮೀಟರ್ ದಪ್ಪದ, ನಯವಾದ ದುಂಡು ಎಳೆ ಕಾಣುತ್ತದೆ. ಇಮೇಜ್‌ಜೆ ತಂತ್ರಾಂಶದಲ್ಲಿ ಕನಿಷ್ಠ 100 ಎಳೆ ಅಳೆಯಿರಿ. ಚೆಂದ ಕಂಡಿದ್ದನ್ನೇ ಆರಿಸಿ ಅಳೆಯಬೇಡಿ.

ಇನ್ನೂ ತೆಳು ಎಳೆ, 100 ನ್ಯಾನೊಮೀಟರ್ ಹತ್ತಿರದ್ದು, ಬೇಕಿದ್ದರೆ ಡಯಾಲಿಸಿಸ್ ಆದ ದ್ರಾವಣವನ್ನು ಫ್ರೀಜ್ ಡ್ರೈ ಮಾಡಿ, ಶೇ 98ರ ಫಾರ್ಮಿಕ್ ಆಮ್ಲದಲ್ಲಿ ಶೇ 12 ಸುತ್ತಮುತ್ತ ಕರಗಿಸಿ ಪಿಇಒ ಇಲ್ಲದೆಯೇ ತೆಗೆಯಬಹುದು. ಆದರೆ ಆ ಆಮ್ಲ ಚರ್ಮ ಸುಡುತ್ತದೆ, ಅದರ ಹೊಗೆ ಕೆಟ್ಟದ್ದು, ದ್ರಾವಣವನ್ನು ಅದೇ ದಿನ ಬಳಸಬೇಕು. ನೀರಿನ ದಾರಿ ಕೈಗೆ ಹತ್ತಿದ ಮೇಲೆ ಅದರ ಬಗ್ಗೆ ಯೋಚಿಸಿ.

ಗಟ್ಟಿ ಮಾಡುವುದು, ಪಿಇಒ ತೊಳೆಯುವುದು

ಮಷಿನ್‌ನಿಂದ ಬಂದ ಹಾಳೆಯ ಮೇಲೆ ಒಂದು ಹನಿ ನೀರು ಬಿದ್ದರೆ ಅಲ್ಲೇ ಕರಗಿ ತೂತಾಗುತ್ತದೆ. ಅದನ್ನು ತಗಡಿನ ಸಮೇತ ಕತ್ತರಿಸಿ, ಅಂಚುಗಳನ್ನು ಕ್ಲಿಪ್ ಅಥವಾ ಚೌಕಟ್ಟಿನಲ್ಲಿ ಬಿಗಿ ಹಿಡಿಸಿ. ಬಿಟ್ಟ ಹಾಳೆ ಆಲ್ಕೋಹಾಲ್‌ನಲ್ಲಿ ಸುರುಟಿಕೊಂಡು ಕುಗ್ಗುತ್ತದೆ. ಶೇ 90ರ ಮೆಥನಾಲ್‌ನಲ್ಲಿ 10 ನಿಮಿಷ ಮುಳುಗಿಸಿ, ಹುಡ್‌ನಲ್ಲಿ ಒಣಗಿಸಿ. ಮೆಥನಾಲ್ ಬೇಡ ಅನ್ನುವವರು ಶೇ 70ರಿಂದ 80ರ ಎಥನಾಲ್‌ನಲ್ಲಿ ಅರ್ಧ ಗಂಟೆ ಇಡಬಹುದು. ವ್ಯಾಕ್ಯೂಮ್ ಡೆಸಿಕೇಟರ್‌ನ ತಳದಲ್ಲಿ ನೀರಿಟ್ಟು, ಗಾಳಿ ಎಳೆದು, ರಾತ್ರಿಯಿಡೀ ಆವಿಯಲ್ಲಿ ಬಿಡುವ ವಿಧಾನವೂ ಇದೆ. ಅದರಲ್ಲಿ ಬೀಟಾ ಶೀಟ್ ಕಡಿಮೆ, ಹಾಳೆ ಮೆತ್ತಗೆ, ದೇಹದಲ್ಲಿ ಬೇಗ ಕರಗುತ್ತದೆ. ಚರ್ಮದ ಗಾಯಕ್ಕೆ ಇದೇ ವಾಸಿ, ಮೂಳೆಗೆ ಮೆಥನಾಲ್ ಹಾಳೆ.

ಈಗ ಹಾಳೆ ತೂಗಿ, 37 ಡಿಗ್ರಿಯ ನೀರಿನಲ್ಲಿ 48 ಗಂಟೆ ಇಡಿ, ನಡುನಡುವೆ ನೀರು ಬದಲಿಸಿ. ತಗಡು ತಾನಾಗಿ ಬಿಟ್ಟುಕೊಳ್ಳುತ್ತದೆ. ಒಣಗಿಸಿ ಮತ್ತೆ ತೂಗಿ. ತಗಡಿನ ತೂಕ ಕಳೆಯಲು ಮರೆಯಬೇಡಿ. ಆಗ ಹೇಳಿದ ಶೇ 13.5 ಇಲ್ಲಿ ಬೇಕು. ಇಳಿದ ತೂಕ ಅದರ ಹತ್ತಿರ ಇದ್ದರೆ ಪಿಇಒ ಹೊರಗೆ ಹೋಗಿದೆ, ರೇಷ್ಮೆ ಉಳಿದಿದೆ. ತೀರಾ ಕಡಿಮೆ ಇಳಿದರೆ ಪಿಇಒ ಒಳಗೇ ಸಿಕ್ಕಿಕೊಂಡಿದೆ, ಇನ್ನೂ ತೊಳೆಯಿರಿ. ಶೇ 20, 25 ಇಳಿದರೆ ರೇಷ್ಮೆಯೇ ಕರಗಿದೆ, ಅಂದರೆ ಆಲ್ಕೋಹಾಲ್ ಸರಿಯಾಗಿ ತಾಗಿಲ್ಲ ಅಥವಾ ಸರಪಳಿ ತೀರಾ ಗಿಡ್ಡ. ಒಂದು ತಕ್ಕಡಿಯಿಂದ ಇಷ್ಟು ಗೊತ್ತಾಗುತ್ತದೆ. ಎಫ್‌ಟಿಐಆರ್ (ಇನ್‌ಫ್ರಾರೆಡ್ ಬೆಳಕಿನಿಂದ ರಚನೆ ನೋಡುವ ಯಂತ್ರ) ಸಿಕ್ಕರೆ ಖಚಿತಪಡಿಸಿಕೊಳ್ಳಿ: ಪ್ರೋಟೀನಿನ ಅಮೈಡ್ ಒಂದರ ಶಿಖರ 1,640-1,650ರಿಂದ 1,620-1,630 cm⁻¹ಗೆ ಸರಿದಿರಬೇಕು, 1,100 ಹತ್ತಿರದ ಪಿಇಒ ಶಿಖರ ಕುಗ್ಗಿರಬೇಕು.

ಜೀವಕೋಶ ಬಿಡುವುದು

24 ಬಾವಿಯ ಪ್ಲೇಟ್‌ಗೆ ಸುಮಾರು 15 ಮಿ.ಮೀ. ಬಿಲ್ಲೆಗಳನ್ನು ಪಂಚ್‌ನಿಂದ ಕತ್ತರಿಸಿ. ಶೇ 70 ಎಥನಾಲ್‌ನಲ್ಲಿ ಅರ್ಧ ಗಂಟೆ, ಆಮೇಲೆ ಎರಡೂ ಬದಿಗೆ ಯುವಿ, ಆಮೇಲೆ ಸ್ಟೆರೈಲ್ ಪಿಬಿಎಸ್ ಅನ್ನುವ ಲವಣದ ಬಫರ್‌ನಲ್ಲಿ ಮೂರು ಸಲ ತೊಳೆತ. ಯುವಿ ಒಂದನ್ನೇ ನಂಬಬೇಡಿ, ಅದು ಎಳೆಗಳ ನಡುವೆ ಇಳಿಯುವುದಿಲ್ಲ. ರಾತ್ರಿಯಿಡೀ ಮೀಡಿಯಂನಲ್ಲಿ ನೆನೆಸಿ. ಬೆಳಿಗ್ಗೆ ಅದು ಕದಡದೆ, ಮೋಡವಾಗದೆ ಇದ್ದರೆ ಮುಂದುವರಿಯಿರಿ.

ಮೊದಲ ಪರೀಕ್ಷೆಗೆ ಎಲ್929 ಇಲಿ ಫೈಬ್ರೋಬ್ಲಾಸ್ಟ್ ಸಾಕು. ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದ ಭಂಡಾರದಿಂದ ಜೀವಕೋಶ ಸಾಲುಗಳನ್ನು ತರಿಸಿಕೊಳ್ಳಬಹುದು. ಜೀವಕೋಶಕ್ಕೆ ವಸ್ತು ವಿಷಕಾರಿಯೇ ಅಂತ ನೋಡುವ ಐಎಸ್‌ಒ 10993-5 ಮಾನದಂಡದ ಪ್ರಕಾರ ಮಾಡುವುದಾದರೆ, 0.5 ಮಿ.ಮೀ.ಗಿಂತ ತೆಳು ಹಾಳೆಗೆ 6 ಚದರ ಸೆಂ.ಮೀ.ಗೆ 1 ಮಿ.ಲೀ. ಮೀಡಿಯಂ ಲೆಕ್ಕದಲ್ಲಿ 37 ಡಿಗ್ರಿಯಲ್ಲಿ 24 ಗಂಟೆ ನೆನೆಸಿ, ಆ ಮೀಡಿಯಂನಲ್ಲಿ ಜೀವಕೋಶ ಬೆಳೆಸಿ ನೋಡಬೇಕು. ಬದುಕಿದವು ಶೇ 70ಕ್ಕಿಂತ ಕಡಿಮೆಯಾದರೆ ವಸ್ತು ವಿಷಕಾರಿ ಅಂತ ಪರಿಗಣಿಸುತ್ತಾರೆ. ಹಾಗಾದಾಗ ರೇಷ್ಮೆಯನ್ನು ಬೈಯುವ ಮೊದಲು ಉಳಿದ ಮೆಥನಾಲ್, ಉಳಿದ ಲಿಥಿಯಂ ನೋಡಿ.

ನೇರವಾಗಿ ಹಾಳೆಯ ಮೇಲೆ ಬಿಡುವಾಗ ಬಿಲ್ಲೆ ತೇಲದಂತೆ ಸ್ಟೆರೈಲ್ ಉಂಗುರದಿಂದ ಒತ್ತಿಡಿ. ಚದರ ಸೆಂ.ಮೀ.ಗೆ 20,000 ಜೀವಕೋಶಗಳನ್ನು 50 ಮೈಕ್ರೋಲೀಟರ್‌ನಷ್ಟೇ ಮೀಡಿಯಂನಲ್ಲಿ ಹನಿಸಿ, ಒಂದೆರಡು ಗಂಟೆ ಇನ್‌ಕ್ಯುಬೇಟರ್‌ನಲ್ಲಿ ಕೂರಲು ಬಿಟ್ಟು, ಆಮೇಲೆ ಬಾವಿ ತುಂಬಿಸಿ. 1, 3, 7ನೇ ದಿನ ಅಳೆಯಿರಿ. ಎಂಟಿಟಿ (ಬದುಕಿರುವ ಜೀವಕೋಶ ಅಳೆಯುವ ಬಣ್ಣದ ಪರೀಕ್ಷೆ) ಮಾಡುವಾಗ ಜೀವಕೋಶ ಇಲ್ಲದ ಖಾಲಿ ಬಿಲ್ಲೆಗಳನ್ನೂ ಜೊತೆಗಿಡಿ, ರೇಷ್ಮೆ ಬಣ್ಣ ಹೀರುತ್ತದೆ. ಫ್ಲೋರೊಸೆನ್ಸ್‌ನಲ್ಲಿ ರೇಷ್ಮೆ ತಾನೇ ನೀಲಿಯಾಗಿ ಹೊಳೆಯುತ್ತದೆ. ಹಾಗಾಗಿ ನ್ಯೂಕ್ಲಿಯಸ್‌ಗೆ ನೀಲಿಯಾಗಿ ಹೊಳೆಯುವ ಡಿಎಪಿಐ ಬದಲು ಕೆಂಪು ಬಣ್ಣ ಹಾಕುವುದು ಮೇಲು.

ಏಳನೇ ದಿನ ಹಾಳೆಯನ್ನು ಅಡ್ಡ ಕತ್ತರಿಸಿ ನೋಡಿದರೆ ಜೀವಕೋಶಗಳು ಮೇಲೆಯೇ ಹರಡಿರುತ್ತವೆ, ಒಳಗೆ ಇಳಿದಿರುವುದಿಲ್ಲ. ಜೀವಕೋಶ 10ರಿಂದ 20 ಮೈಕ್ರಾನ್ ದೊಡ್ಡದು, ಎಳೆಗಳ ನಡುವಿನ ಸಂದು ಅದಕ್ಕಿಂತ ಚಿಕ್ಕದು. ಚರ್ಮಕ್ಕೆ ಇದು ಪರವಾಗಿಲ್ಲ. ದಪ್ಪ ಅಂಗಾಂಶ ಬೇಕಿದ್ದರೆ ಎರಡನೇ ಸೂಜಿಯಿಂದ ಬರೀ ಪಿಇಒ ಎಳೆಯನ್ನು ಅದೇ ಡ್ರಮ್ ಮೇಲೆ ಬೀಳಿಸಿ, ಗಟ್ಟಿ ಮಾಡಿದ ಮೇಲೆ ತೊಳೆದು ತೆಗೆಯಿರಿ. ಅದು ಬಿಟ್ಟ ಜಾಗ ಜೀವಕೋಶಕ್ಕೆ ದಾರಿಯಾಗುತ್ತದೆ. ರೋಗಿಗಳಿಂದ ತೆಗೆದ ಜೀವಕೋಶ ಬಳಸುವುದಾದರೆ ಸಂಸ್ಥೆಯ ನೀತಿ ಸಮಿತಿಯ ಒಪ್ಪಿಗೆ ಮೊದಲೇ ಪಡೆಯಿರಿ. ಅರ್ಜಿ ತಯಾರಿಗೆ, ಒಪ್ಪಿಗೆಗೆ ಸಮಯ ಹಿಡಿಯುತ್ತದೆ. ಗೂಡು ತರುವ ವಾರವೇ ಅದನ್ನೂ ಶುರುಮಾಡಿ.